ತಂಡ ಬರುವ ಮುನ್ನಾ ದಿನ ಇಸ್ತಾಂಬುಲ್‌ನಲ್ಲಿ ನಾವಿಬ್ಬರೇ: ಸುತ್ತಾಡಬೇಕೇ, ಕೋಣೆಯಲ್ಲಿ ಕೂರಬೇಕೇ?

ಕೋಟೆ ಮೇಷ್ಟ್ರು (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಮ್ಮ ಬೆಳಗಿನ ವಾಯುವಿಹಾರದ ಬಳಗದ ಹದಿನೆಂಟು ಮಂದಿ ಒಂದು ಪ್ರವಾಸ ಸಂಸ್ಥೆಯ ಮೂಲಕ ತುರ್ಕಿಗೆ ಹೊರಟಿದ್ದೇವೆ. ಎಲ್ಲರಿಗೂ ಒಂದೇ ವಿಮಾನದಲ್ಲಿ ಆಸನ ಸಿಗದ ಕಾರಣ ನನಗೂ ನಮ್ಮ ಮನೆಯವರಿಗೂ ಒಂದು ದಿನ ಮೊದಲಿನ ಟಿಕೆಟ್ ಮಾಡಿಸಿದ್ದಾರೆ. ನಾವಿಬ್ಬರು ಶನಿವಾರ ಬೆಳಿಗ್ಗೆ ಏಳಕ್ಕೆ ಇಸ್ತಾಂಬುಲ್‌ನಲ್ಲಿ ಇಳಿಯುತ್ತೇವೆ. ಉಳಿದ ಹದಿನಾರು ಮಂದಿ ಬರುವುದು ಭಾನುವಾರ ಬೆಳಿಗ್ಗೆ. ಹೋಟೆಲು ಸಿರ್ಕೆಜಿ ಎಂಬ ಬಡಾವಣೆಯಲ್ಲಿದೆ, ಕೋಣೆಯ ಬೀಗದ ಕೈಯನ್ನು ಮಧ್ಯಾಹ್ನ ಎರಡಕ್ಕೆ ಕೊಡುತ್ತಾರಂತೆ.

ಸಂಸ್ಥೆಯವರು, "ಆ ದಿನ ಎಲ್ಲಿಯೂ ಹೋಗದೆ ವಿಶ್ರಾಂತಿ ತೆಗೆದುಕೊಳ್ಳಿ, ದಾರಿ ತಪ್ಪಿದರೆ ನಾವು ಹೊಣೆಯಲ್ಲ" ಎಂದಿದ್ದಾರೆ. ನಮ್ಮ ಮನೆಯವರು, "ಗೋಡೆ ನೋಡುತ್ತಾ ಕೂರುವುದಾದರೆ ಅಷ್ಟು ದೂರ ಏಕೆ, ನಮ್ಮೂರಿನಲ್ಲಿ ಏಳು ಸುತ್ತು ಗೋಡೆ ಇದೆಯಲ್ಲ" ಎನ್ನುತ್ತಾರೆ. ನನಗೆ ಅರವತ್ತನಾಲ್ಕು, ಅವರಿಗೆ ಅರವತ್ತು. ಮೊಟ್ಟೆಯನ್ನೂ ತಿನ್ನುವವರಲ್ಲ. ಹಿಂದೆ ಒಮ್ಮೆ ಕಠ್ಮಂಡುವಿಗೆ ಹೋದದ್ದು ಬಿಟ್ಟರೆ ಗಡಿ ದಾಟಿಲ್ಲ, ಆಗಲೂ ಬಾವುಟ ಹಿಡಿದವನ ಹಿಂದೆಯೇ ನಡೆದಿದ್ದೆವು. ಆ ಒಂದು ದಿನವನ್ನು ಹೇಗೆ ಕಳೆಯುವುದು ಸರಿ ಎಂದು ಅನುಭವಸ್ಥರು ತಿಳಿಸಬೇಕು.

ಬೆಣ್ಣೆದೋಸೆ ಬಂಧು (ದಾವಣಗೆರೆ)

ಮಲಗಿಬಿಡಿ ಮೇಷ್ಟ್ರೇ. ಮುಂದಿನ ಎಂಟು ದಿನ ನಿಮ್ಮನ್ನು ಬೆಳಿಗ್ಗೆ ಆರಕ್ಕೇ ಎಬ್ಬಿಸಿ ಬಸ್ಸಿಗೆ ಹತ್ತಿಸುತ್ತಾರೆ.

ಹೊಳಲ್ಕೆರೆ ಹುಡುಗಿ

ಎರಡು ಗಂಟೆಯವರೆಗೆ ಕೋಣೆಯೇ ಇಲ್ಲದಿರುವಾಗ ಎಲ್ಲಿ ಮಲಗುವುದು? ಹೋಟೆಲಿನ ಸ್ವಾಗತ ಕಟ್ಟೆಯಲ್ಲಿ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತಾರೆ, ಅದಕ್ಕೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ. ಪಾಸ್‌ಪೋರ್ಟನ್ನೂ ಮಾತ್ರೆಗಳನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಹೊರಗೆ ನಡೆಯಿರಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ ಇರುವುದರಿಂದ ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ. ಹಗಲು ಮಲಗಿದರೆ ನಡುರಾತ್ರಿ ಎಚ್ಚರವಾಗಿ ಸೂರು ನೋಡುತ್ತಾ ಬಿದ್ದಿರಬೇಕಾಗುತ್ತದೆ.

ಕುಂದವಾಡ ಕೆರೆ ದಂಡೆ

ನಾವು ಎರಡು ವರ್ಷದ ಹಿಂದೆ ಹೋಗಿದ್ದೆವು. ನೀವು ಇಳಿದುಕೊಳ್ಳುವ ಸಿರ್ಕೆಜಿಯಂತಹ ಜಾಗ ಹೊಸಬರಿಗೆ ಮತ್ತೊಂದಿಲ್ಲ, ಏಕೆಂದರೆ ಅಲ್ಲಿಂದ ಎಲ್ಲವೂ ಕಾಲಳತೆಯಲ್ಲಿದೆ. ಓರಿಯಂಟ್ ಎಕ್ಸ್‌ಪ್ರೆಸ್ ಬಂದು ನಿಲ್ಲುತ್ತಿದ್ದ, 1890ರಲ್ಲಿ ಕಟ್ಟಿದ ರೈಲು ನಿಲ್ದಾಣ ಅಲ್ಲಿಯೇ ಇದೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಎಮಿನೋನು ದೋಣಿಕಟ್ಟೆ. ಇನ್ನೊಂದು ದಿಕ್ಕಿಗೆ ಏರು ಹತ್ತಿದರೆ ಸುಲ್ತಾನಹ್ಮೆತ್ ಮೈದಾನ. ಟಿ-1 ಎಂಬ ಟ್ರಾಮು ಬಾಗಿಲಿಗೇ ಬರುತ್ತದೆ ಎನ್ನಬಹುದು. ಪಲ್ಲಕ್ಕಿಯವರಿಗಾಗಿ ಕಾಯುವ ಅಗತ್ಯವೇ ಇಲ್ಲ.

ಆದರೆ ವಿಮಾನ ನಿಲ್ದಾಣ ಊರಿನಿಂದ ಬಹಳ ದೂರವಿದೆ. ಮೆಟ್ರೊ ಇದೆ, ಗೈರೆತ್ತೆಪೆಯಲ್ಲಿ ಇಳಿದು ಬದಲಾಯಿಸಬೇಕು. ದೊಡ್ಡ ಪೆಟ್ಟಿಗೆಗಳೊಂದಿಗೆ ಆ ಸಾಹಸ ಬೇಡ. ನಿಮ್ಮನ್ನು ಬೇರೆ ದಿನ ಕಳುಹಿಸುತ್ತಿರುವವರು ಸಂಸ್ಥೆಯವರೇ ಆಗಿರುವುದರಿಂದ ಕಾರು ಕಳುಹಿಸುವುದೂ ಅವರ ಕೆಲಸ. ಅದನ್ನು ಈಗಲೇ ಬರಹದಲ್ಲಿ ಪಡೆದುಕೊಳ್ಳಿ.

ಅಡಿಕೆ ಮಂಡಿ (ಭೀಮಸಮುದ್ರ)

ತಂಡದ ಮೊದಲ ದಿನದ ಕಾರ್ಯಕ್ರಮದಲ್ಲಿ ಏನೇನು ಬರೆದಿದ್ದಾರೆ ಎಂಬುದನ್ನು ಮೇಷ್ಟ್ರು ಹೇಳಲಿಲ್ಲ. ಅದು ಗೊತ್ತಾಗದೆ ಸಲಹೆ ಕೊಡುವುದು ಹೇಗೆ?

ಕೋಟೆ ಮೇಷ್ಟ್ರು

ಕ್ಷಮಿಸಿ. ಭಾನುವಾರ: ಹಾಗಿಯಾ ಸೋಫಿಯಾ, ನೀಲಿ ಮಸೀದಿ, ಗ್ರ್ಯಾಂಡ್ ಬಜಾರ್. ಸೋಮವಾರ: ಟೋಪ್‌ಕಾಪಿ ಅರಮನೆ, ಬಾಸ್ಫೊರಸ್ ಜಲವಿಹಾರ. ಅನಂತರ ಕಪಡೋಕಿಯ.

ಹೊಳಲ್ಕೆರೆ ಹುಡುಗಿ

ಭಾನುವಾರ ಗ್ರ್ಯಾಂಡ್ ಬಜಾರ್ ಮುಚ್ಚಿರುತ್ತದೆ! ಸುಮಾರು ನಾಲ್ಕು ಸಾವಿರ ಅಂಗಡಿಗಳಿರುವ ಮಾರುಕಟ್ಟೆಗೆ ವಾರಕ್ಕೊಮ್ಮೆ ಬೀಗ ಬೀಳುತ್ತದೆ ಎಂಬುದು ಪ್ರವಾಸ ಮಾಡಿಸುವವರಿಗೇ ಗೊತ್ತಿಲ್ಲವೆಂದರೆ ಏನು ಹೇಳುವುದು?

ಬೆಣ್ಣೆದೋಸೆ ಬಂಧು

ಗೊತ್ತಿರುತ್ತದೆ. ಮುಚ್ಚಿದ ಬಾಗಿಲು ತೋರಿಸಿ, ತಮಗೆ ಪರಿಚಯದ ರತ್ನಗಂಬಳಿ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ.

ಅಡಿಕೆ ಮಂಡಿ

ಎಲ್ಲರನ್ನೂ ಹಾಗೆ ದೂಷಿಸುವುದು ನ್ಯಾಯವಲ್ಲ. ಹಳೆಯ ಪಟ್ಟಿಯನ್ನು ತಾರೀಖು ಬದಲಿಸಿ ಕೊಟ್ಟಿರಬಹುದು. ಮೇಷ್ಟ್ರೇ, ಸೋಮವಾರಕ್ಕೆ ಬಜಾರನ್ನು ಬದಲಾಯಿಸುವಂತೆ ಕೇಳಿ. ಅರಮನೆಗೆ ಮಂಗಳವಾರ ರಜೆ, ಆದ್ದರಿಂದ ಅದನ್ನು ಸೋಮವಾರದಿಂದ ಮುಂದಕ್ಕೆ ತಳ್ಳಲು ಬಿಡಬೇಡಿ.

ಹಿರಿಯೂರು ಎಕ್ಸ್‌ಪ್ರೆಸ್

ನನ್ನ ಅಭಿಪ್ರಾಯದಲ್ಲಿ ಶನಿವಾರವೇ ಅರಮನೆ ನೋಡಿ ಮುಗಿಸಿಬಿಡಿ, ಸೋಮವಾರ ಗುಂಪಿನ ಗದ್ದಲ ತಪ್ಪುತ್ತದೆ. ಟಿ-1 ಟ್ರಾಮಿನಲ್ಲಿ ಕುಳಿತು "ಟೋಪ್‌ಕಾಪಿ" ಎಂದು ಫಲಕ ಬಂದಾಗ ಇಳಿದರಾಯಿತು.

ಕುಂದವಾಡ ಕೆರೆ ದಂಡೆ

ಅಯ್ಯೋ, ದಯವಿಟ್ಟು ಹಾಗೆ ಮಾಡಬೇಡಿ! ಟೋಪ್‌ಕಾಪಿ ಅರಮನೆಗೆ ಗುಲ್ಹಾನೆ ಅಥವಾ ಸುಲ್ತಾನಹ್ಮೆತ್ ನಿಲ್ದಾಣದಲ್ಲಿ ಇಳಿಯಬೇಕು. ಟೋಪ್‌ಕಾಪಿ ಎಂಬ ಹೆಸರಿನ ಟ್ರಾಮು ನಿಲ್ದಾಣವಿರುವುದು ಹತ್ತಕ್ಕಿಂತ ಹೆಚ್ಚು ನಿಲ್ದಾಣ ದಾಟಿದ ಮೇಲೆ, ಊರಿನ ಹಳೆಯ ಕೋಟೆಗೋಡೆಯ ಬಳಿ. ನಮ್ಮ ಭಾವನವರು ಅಲ್ಲಿ ಇಳಿದು "ಅರಮನೆ ಎಲ್ಲಿ" ಎಂದು ಕೇಳುತ್ತಾ ಅರ್ಧ ದಿನ ಕಳೆದರು. ಹಿರಿಯೂರಿನವರು ನಿಜವಾಗಿಯೂ ಇಸ್ತಾಂಬುಲ್‌ಗೆ ಹೋಗಿದ್ದಾರೆಯೇ?

ಹಿರಿಯೂರು ಎಕ್ಸ್‌ಪ್ರೆಸ್

ನಕ್ಷೆ ನೋಡಿ ಹೇಳಿದೆ. ತಪ್ಪಾಯಿತು.

ಕೋಟೆ ಮೇಷ್ಟ್ರು

ತಪ್ಪು ಹೇಳಿದವರಿಗೂ ತಿದ್ದಿದವರಿಗೂ ಕೃತಜ್ಞತೆಗಳು, ಏಕೆಂದರೆ ನನಗೆ ಈಗ ಅರಮನೆಗಿಂತ ಆ ಗೋಡೆಯ ಮೇಲೆಯೇ ಆಸೆ ಹುಟ್ಟಿದೆ. ರೋಮನ್ ಚಕ್ರವರ್ತಿ ಇಮ್ಮಡಿ ಥಿಯೊಡೋಸಿಯಸ್‌ನ ಕಾಲದ್ದು, ಕ್ರಿ.ಶ. 413ರ ಹೊತ್ತಿಗೆ ಎದ್ದ ಗೋಡೆ ಅದೇ ಅಲ್ಲವೇ? ಟೋಪ್ ಎಂದರೆ ಫಿರಂಗಿ, ಕಾಪಿ ಎಂದರೆ ಬಾಗಿಲು ಎಂದು ಓದಿದ ನೆನಪು. ನಾವೂ ಫಿರಂಗಿಗೆ ತೋಪು ಎನ್ನುತ್ತೇವೆ. ಹಾಗಾದರೆ ಅದು ತೋಪಿನ ಬಾಗಿಲು! ರಂಗಯ್ಯನ ಬಾಗಿಲಿನ ಊರಿನಿಂದ ಬಂದವನು ತೋಪಿನ ಬಾಗಿಲು ನೋಡದೆ ಹಿಂದಿರುಗಿದರೆ ಹೇಗೆ?

ಮೊಳಕಾಲ್ಮೂರು ಮಗ್ಗ

ಗುರುಗಳೇ, ನಾನು ನಿಮ್ಮ ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರಿನಲ್ಲಿದ್ದೇನೆ. ಆ ಗೋಡೆಯನ್ನು ಖಂಡಿತ ನೋಡಿ. ಹೊರಗೆ ಕಂದಕ, ಅದರ ಒಳಗೆ ಒಂದು ಗೋಡೆ, ಅದರ ಒಳಗೆ ಇನ್ನೂ ಎತ್ತರದ ಗೋಡೆ. ಸಮುದ್ರದಿಂದ ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯವರೆಗೆ 6 ಕಿಲೋಮೀಟರಿಗೂ ಹೆಚ್ಚು. ಸಾವಿರ ವರ್ಷ ತಡೆದ ಆ ಗೋಡೆ 1453ರ ಮೇ 29ರಂದು ಒಟ್ಟೋಮನ್ ಸುಲ್ತಾನ ಎರಡನೆಯ ಮೆಹ್ಮೆದನ ಫಿರಂಗಿಗಳಿಗೆ ಸೋತಿತು. ಆ ದಿನ ಕೆರ್ಕೊಪೋರ್ತ ಎಂಬ ಸಣ್ಣ ದಿಡ್ಡಿಬಾಗಿಲಿಗೆ ಅಗುಳಿ ಹಾಕುವುದನ್ನು ಮರೆತರು, ಅಲ್ಲಿಂದ ಸೈನಿಕರು ನುಗ್ಗಿದರು ಎಂದು ಒಂದು ಕಥೆ ಇದೆ. ನಮ್ಮ ಕಿಂಡಿಯ ಬಳಿ ಓಬವ್ವ ಇದ್ದಳು, ಅವರ ಕಿಂಡಿಯ ಬಳಿ ಯಾರೂ ಇರಲಿಲ್ಲ.

ಅಡಿಕೆ ಮಂಡಿ

ಆ ದಿಡ್ಡಿಬಾಗಿಲಿನ ಕಥೆಯನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಅದನ್ನು ಬರೆದವನು ಡೂಕಾಸ್ ಎಂಬ ಒಬ್ಬನೇ, ಅವನೂ ಮುತ್ತಿಗೆಯ ಹೊತ್ತಿನಲ್ಲಿ ಊರೊಳಗೆ ಇರಲಿಲ್ಲ. ಅಲ್ಲದೆ ನಮ್ಮ ಕೋಟೆಯೂ 1779ರಲ್ಲಿ ಹೈದರಾಲಿಯ ಕೈಸೇರಿತು ಎಂಬುದನ್ನು ಮರೆತು ಹೆಮ್ಮೆ ಪಡುವುದು ಬೇಡ.

ಮೊಳಕಾಲ್ಮೂರು ಮಗ್ಗ

ಕಥೆ ಎಂದೇ ಬರೆದಿದ್ದೇನೆ ಅಣ್ಣ, ಇತಿಹಾಸ ಎಂದಿಲ್ಲ. ಇನ್ನೊಂದು ಮಾತು. ನಮ್ಮ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ನಾಣ್ಯಗಳು ಸಿಕ್ಕಿದ್ದನ್ನು ಗುರುಗಳೇ ತರಗತಿಯಲ್ಲಿ ಹೇಳಿದ್ದರು. ಆ ನಾಣ್ಯಗಳು ಹೊರಟ ಊರಿಗೆ ಈಗ ನೀವೇ ಹೊರಟಿದ್ದೀರಿ.

ಕೋಟೆ ಮೇಷ್ಟ್ರು

ತಮ್ಮಾ, ಅರ್ಧ ಅಂಕ ಕಳೆಯುತ್ತೇನೆ. ಚಂದ್ರವಳ್ಳಿಯಲ್ಲಿ ಸಿಕ್ಕವು ಆಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳು, ಅಂದರೆ ಇಟಲಿಯ ರೋಮ್ ಆಳುತ್ತಿದ್ದ ಕಾಲದವು. ಕಾನ್‌ಸ್ಟಂಟೈನ್ ಈ ಊರನ್ನು ರಾಜಧಾನಿ ಮಾಡಿದ್ದು ಕ್ರಿ.ಶ. 330ರಲ್ಲಿ. ನಾಣ್ಯಗಳು ನಮ್ಮೂರಿಗೆ ಬಂದಾಗ ಇದಿನ್ನೂ ಬೈಜಾಂಟಿಯಂ ಎಂಬ ಸಣ್ಣ ಪಟ್ಟಣ.

ಬೆಣ್ಣೆದೋಸೆ ಬಂಧು

ದುರ್ಗದವರಿಗೆ ಎಲ್ಲಿಗೆ ಹೋದರೂ ಕೋಟೆಯೇ. ಊಟಕ್ಕೆ ಏನು ಮಾಡುತ್ತೀರಿ, ಅದನ್ನು ಮೊದಲು ಹೇಳಿ. ಒಂದು ಮೂಟೆ ನರ್ಗಿಸ್ ಮಂಡಕ್ಕಿ ಕಳುಹಿಸಲೇ?

ಹೊಳಲ್ಕೆರೆ ಹುಡುಗಿ

ಊಟಕ್ಕೆ ಅಷ್ಟು ಹೆದರಬೇಕಾಗಿಲ್ಲ. ಬೀದಿಯ ತಳ್ಳುಗಾಡಿಯಲ್ಲಿ ಸಿಮಿತ್ ಎಂಬ ಬ್ರೆಡ್ಡಿನ ಬಳೆ ಮಾರುತ್ತಾರೆ, ಎಳ್ಳು ಅಂಟಿಸಿದ ದೊಡ್ಡ ಕೋಡುಬಳೆಯಂತೆ ಕಾಣುತ್ತದೆ. ಗೊಜ್ಲೆಮೆ ಎಂಬುದು ತೆಳುವಾದ ರೊಟ್ಟಿ. ಒಳಗೆ ಪಾಲಕ್, ಆಲೂಗಡ್ಡೆ ಅಥವಾ ಚೀಸ್ ಎಂದು ನೀವೇ ಆರಿಸಬಹುದು. ಐರಾನ್ ಎಂದರೆ ಉಪ್ಪು ಹಾಕಿದ ಗಟ್ಟಿ ಮಜ್ಜಿಗೆ, ಒಗ್ಗರಣೆ ಒಂದಿಲ್ಲ. ಮೆರ್ಜಿಮೆಕ್ ಎಂಬ ಬೇಳೆ ಸಾರು ಸಸ್ಯಾಹಾರದಂತೆಯೇ ಕಂಡರೂ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿಯೇ ಕುಡಿಯಿರಿ. ಮೆನೆಮೆನ್ ಎಂಬುದು ಟೊಮೇಟೊ ಪಲ್ಯದಂತೆ ಕಂಡರೂ ಅದರಲ್ಲಿ ಮೊಟ್ಟೆ ಇದೆ. "ಎತ್ ಯೋಕ್" ಎಂದರೆ ಮಾಂಸ ಇಲ್ಲ. ಎತ್ತು ಬೇಡ ಎಂದು ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ಕುಂದವಾಡ ಕೆರೆ ದಂಡೆ

ಚಹಾವನ್ನು ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಕೊಡುತ್ತಾರೆ, ಹಾಲು ಹಾಕುವುದಿಲ್ಲ. ನಮ್ಮ ತಾಯಿಯವರು ಮೊದಲ ದಿನ ಅದನ್ನು "ಕಷಾಯ" ಎಂದರು, ಮೂರನೆಯ ದಿನಕ್ಕೆ ಎರಡು ಲೋಟ ಕೇಳತೊಡಗಿದರು.

ಭಾಷೆಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಮೈದಾನಕ್ಕೆ ಅವರು ಮೈದಾನ್ ಎನ್ನುತ್ತಾರೆ, ಸಾಬೂನಿಗೆ ಸಬುನ್, ಗಾಳಿಗೆ ಹವಾ, ಅಂಗಡಿಗೆ ದುಕ್ಕಾನ್, ಉತ್ತರಕ್ಕೆ ಜೆವಾಪ್. ಪಾರಸಿ, ಅರಬ್ಬಿಯಿಂದ ಇತ್ತ ನಮಗೂ ಅತ್ತ ಅವರಿಗೂ ಹಂಚಿಕೆಯಾದ ಪದಗಳು ಇವು. ನಮ್ಮ ತಾಯಿಯವರು ಶುದ್ಧ ಕನ್ನಡದಲ್ಲಿಯೇ ಸಾಬೂನು ಕೇಳಿ ಪಡೆದರು.

ಹಿರಿಯೂರು ಎಕ್ಸ್‌ಪ್ರೆಸ್

ಹಾಗಿಯಾ ಸೋಫಿಯಾವನ್ನಾದರೂ ಶನಿವಾರವೇ ನೋಡಬಹುದಲ್ಲವೇ? ಇದು ನಕ್ಷೆ ನೋಡಿ ಹೇಳುತ್ತಿರುವುದಲ್ಲ.

ಅಡಿಕೆ ಮಂಡಿ

ಏಕೆ ಎರಡು ಸಲ ಹಣ ಕೊಡಬೇಕು? ಅದು 2020ರಿಂದ ಮತ್ತೆ ಮಸೀದಿಯಾಗಿದೆ, 2024ರಿಂದ ವಿದೇಶಿ ಪ್ರವಾಸಿಗರನ್ನು ಟಿಕೆಟ್ ಪಡೆದು ಮೇಲಿನ ಅಂತಸ್ತಿಗೆ ಬಿಡುತ್ತಾರೆ. ಟಿಕೆಟ್ ದರವನ್ನು 25 ಯೂರೊ ಎಂದು ನಿಗದಿ ಮಾಡಿದ್ದರು. ತಂಡದ ಹಣದಲ್ಲಿ ಅದು ಸೇರಿದೆ. ಮೊದಲ ದಿನ ತಂಡ ತೋರಿಸುವುದನ್ನೇ ನೋಡಿದರೆ, ಮರುದಿನ ಹದಿನಾರು ಮಂದಿಯ ಮುಂದೆ ಜಾಣತನ ತೋರಿಸುವ ಚಪಲ ಬರುತ್ತದೆಯೇ ಹೊರತು ಬೇರೆ ಲಾಭವಿಲ್ಲ. ತಂಡದೊಂದಿಗೆ ಮಾಡಲಾಗದ್ದನ್ನು ಆ ದಿನ ಮಾಡಬೇಕು: ನಿಧಾನವಾಗಿ ನಡೆಯುವುದು, ಮನಸ್ಸು ಬಂದಲ್ಲಿ ಕೂರುವುದು, ತಪ್ಪು ಬೀದಿಗೆ ತಿರುಗುವುದು.

ಕುಂದವಾಡ ಕೆರೆ ದಂಡೆ

ಇದಕ್ಕೆ ನನ್ನ ಸಂಪೂರ್ಣ ಸಹಮತವಿದೆ. ಸೋಮವಾರ ನಿಮ್ಮನ್ನು ಕೂರಿಸುವ ಜಲವಿಹಾರದ ಹಡಗಿನಲ್ಲಿ ಧ್ವನಿವರ್ಧಕ ಇರುತ್ತದೆ. ಶನಿವಾರ ಎಮಿನೋನುವಿನಿಂದ ಊರಿನ ಜನ ಓಡಾಡುವ ಸಾಮಾನ್ಯ ದೋಣಿ ಹತ್ತಿ ಉಸ್ಕುದಾರ್‌ಗೋ ಕದಿಕೋಯ್‌ಗೋ ಹೋಗಿ. ಸುಮಾರು ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾಕ್ಕೆ ತಲುಪುತ್ತೀರಿ, ನಗರ ಸಾರಿಗೆಯ ದರದಲ್ಲಿಯೇ. ಇಸ್ತಾಂಬುಲ್‌ಕಾರ್ಟ್ ಎಂಬ ಒಂದೇ ಕಾರ್ಡು ಟ್ರಾಮಿಗೂ ದೋಣಿಗೂ ನಡೆಯುತ್ತದೆ. ಒಂದೇ ಕಾರ್ಡನ್ನು ಎರಡು ಸಲ ತಾಗಿಸಿದರೆ ಇಬ್ಬರೂ ಒಳಗೆ ಹೋಗಬಹುದು. ದರ ಎಷ್ಟೆಂದು ಹೇಳುವುದಿಲ್ಲ, ಲಿರಾದ ಬೆಲೆ ಇಳಿಯುತ್ತಲೇ ಇರುವುದರಿಂದ ನಾನು ಕೊಟ್ಟ ದರ ಇಂದು ನಗೆಪಾಟಲಾಗುತ್ತದೆ.

ಹೊಳಲ್ಕೆರೆ ಹುಡುಗಿ

ಗಲಾಟಾ ಸೇತುವೆಯ ಮೇಲೆ ಸಾಲಾಗಿ ಗಾಳ ಹಾಕಿ ನಿಂತವರನ್ನೂ ನೋಡಿ ಬನ್ನಿ.

ಬೆಣ್ಣೆದೋಸೆ ಬಂಧು

ಹೆಸರೇ ಗಲಾಟೆ ಎಂದಮೇಲೆ ಸಸ್ಯಾಹಾರಿಗಳು ದೂರವಿರುವುದು ಲೇಸು.

ಹೊಳಲ್ಕೆರೆ ಹುಡುಗಿ

ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಬೂಟಿಗೆ ಪಾಲಿಶ್ ಹಾಕುವವನೊಬ್ಬ ನಿಮ್ಮ ಮುಂದೆ ನಡೆದುಹೋಗುತ್ತಾ ಬ್ರಷ್ಷನ್ನು ಬೀಳಿಸುತ್ತಾನೆ. ಪಾಪ ಎಂದು ಎತ್ತಿಕೊಟ್ಟರೆ ಕೃತಜ್ಞತೆಯ ನೆಪದಲ್ಲಿ ನಿಮ್ಮ ಬೂಟು ಉಜ್ಜತೊಡಗುತ್ತಾನೆ, ಆಮೇಲೆ ಮಕ್ಕಳ ಕಾಯಿಲೆಯ ಕಥೆ ಹೇಳಿ ಹಣ ಕೇಳುತ್ತಾನೆ. ನಮ್ಮ ಚಿಕ್ಕಪ್ಪನವರು ಚಪ್ಪಲಿ ಹಾಕಿಕೊಂಡಿದ್ದರೂ ಬಿಡಲಿಲ್ಲ. ಮೇಷ್ಟ್ರಂಥವರು ಬಿದ್ದ ವಸ್ತುವನ್ನು ಎತ್ತಿಕೊಡದೆ ಇರುವವರಲ್ಲ ಎಂದು ಹೇಳುತ್ತಿದ್ದೇನೆ.

ಅಡಿಕೆ ಮಂಡಿ

ಸಾರ್ವಜನಿಕ ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ. ನೀರಿನ ಸಣ್ಣ ನಳಿಕೆ ಇರುತ್ತದೆ, ಬೇರೆ ವಿದೇಶಗಳಲ್ಲಿ ಪಡುವ ಪಾಡು ಇಲ್ಲಿಲ್ಲ.

ಮೊಳಕಾಲ್ಮೂರು ಮಗ್ಗ

ಗುರುಗಳೇ, ಗುಲ್ಹಾನೆ ಉದ್ಯಾನದ ಪಕ್ಕದಲ್ಲಿಯೇ ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಸಾಮಾನ್ಯವಾಗಿ ತಂಡಗಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ. ಈಜಿಪ್ಟಿನ ಎರಡನೆಯ ರಾಮ್ಸೆಸ್ ಮತ್ತು ಹಿಟ್ಟೈಟ್ ಅರಸರ ನಡುವಿನ ಕಾದೇಶ್ ಒಪ್ಪಂದದ ಜೇಡಿಮಣ್ಣಿನ ಫಲಕ ಅಲ್ಲಿಯ ಸಂಗ್ರಹದಲ್ಲಿದೆ. ನೀವು ಅದನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದು ನನಗೆ ಇನ್ನೂ ನೆನಪಿದೆ.

ಕೋಟೆ ಮೇಷ್ಟ್ರು

ಇಷ್ಟೆಲ್ಲವನ್ನೂ ಒಂದೇ ದಿನ ಮಾಡಿದರೆ ಭಾನುವಾರ ತಂಡಕ್ಕೆ ನನ್ನನ್ನು ಹೊತ್ತು ತಿರುಗುವ ಕೆಲಸ ಬೀಳುತ್ತದೆ. ಮೂರನ್ನು ಮಾತ್ರ ಆರಿಸಿದ್ದೇವೆ: ಬೆಳಿಗ್ಗೆ ಸುಮ್ಮನೆ ನಡಿಗೆ, ಆಮೇಲೆ ಕೋಟೆಗೋಡೆ, ಸಂಜೆ ದೋಣಿ. ಸಂಸ್ಥೆಯವರು ಕಾರು ಕಳುಹಿಸಲು ಒಪ್ಪಿದ್ದಾರೆ. ಅಲ್ಲಿಂದ ಬರೆಯುತ್ತೇನೆ.

ಕೋಟೆ ಮೇಷ್ಟ್ರು (ಇಸ್ತಾಂಬುಲ್, ಶನಿವಾರ ರಾತ್ರಿ)

ನಾವಿಬ್ಬರೂ ಕ್ಷೇಮ. ಕಾರು ಬಂದಿತ್ತು. ಪೆಟ್ಟಿಗೆಗಳನ್ನು ಹೋಟೆಲಿನಲ್ಲಿ ಇಟ್ಟು ಹೊರಬಿದ್ದಾಗ ಹತ್ತು ಗಂಟೆ.

ಮೊದಲ ಅರ್ಧ ಗಂಟೆ ನಾವು ಹೋಟೆಲಿನ ಬೀದಿ ಬಿಟ್ಟು ಅಲುಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ತುದಿಯವರೆಗೆ ಹೋಗುವುದು, ಹೋಟೆಲಿನ ಫಲಕ ಕಾಣುತ್ತದೆಯೇ ಎಂದು ತಿರುಗಿ ನೋಡುವುದು, ಹಿಂದಿರುಗುವುದು. ನಾಲ್ಕನೆಯ ಸಲ ನಮ್ಮನ್ನು ನೋಡಿದ ಸಿಮಿತ್ ಗಾಡಿಯ ಮುದುಕರು ನಕ್ಕು ಏನೋ ಕೇಳಿದರು. ಮನೆಯವರು ಕನ್ನಡದಲ್ಲಿಯೇ, "ಎರಡು ಕೊಡಪ್ಪ" ಎಂದು ಬೆರಳು ತೋರಿಸಿದರು. ಅದನ್ನು ತಿನ್ನುತ್ತಾ ನಡೆದೆವು. ತಿಂದು ಮುಗಿಯುವಷ್ಟರಲ್ಲಿ ಸುಲ್ತಾನಹ್ಮೆತ್ ಮೈದಾನದಲ್ಲಿದ್ದೆವು, ಹೋಟೆಲಿನ ಫಲಕದ ನೆನಪೇ ಆಗಿರಲಿಲ್ಲ.

ಅಲ್ಲಿ ಮೊದಲನೆಯ ಥಿಯೊಡೋಸಿಯಸ್‌ನ ಹೆಸರಿನ ಈಜಿಪ್ಟಿನ ಕಲ್ಲುಕಂಬವಿದೆ, ಕ್ರಿ.ಶ. 390ರಲ್ಲಿ ನಿಲ್ಲಿಸಿದ್ದು. ಅದರ ಪೀಠದ ಲ್ಯಾಟಿನ್ ಶಾಸನ ಕಂಬ ನಿಲ್ಲಿಸಲು 30 ದಿನ ಹಿಡಿಯಿತು ಎನ್ನುತ್ತದೆ, ಗ್ರೀಕ್ ಶಾಸನ 32 ದಿನ ಎನ್ನುತ್ತದೆ. ಕಂಬದ ಮೇಲಿನ ಚಿತ್ರಲಿಪಿ ಈ ಎರಡಕ್ಕಿಂತಲೂ ಸಾವಿರದ ಎಂಟುನೂರು ವರ್ಷಕ್ಕೂ ಹಳೆಯದು, ಅದು ಈ ಜಗಳಕ್ಕೆ ಬರುವುದಿಲ್ಲ. ತಂಡದೊಂದಿಗೆ ಇದ್ದಿದ್ದರೆ ಒಂದೇ ಪೀಠವನ್ನು ಇಪ್ಪತ್ತು ನಿಮಿಷ ಸುತ್ತಲು ನನಗೆ ಯಾರು ಬಿಡುತ್ತಿದ್ದರು?

ಮನೆಯವರು ಪಕ್ಕದ ಭೂಗತ ನೀರಿನ ತೊಟ್ಟಿಗೆ ಹೋಗೋಣ ಎಂದರು. ಯೋಜನೆಯಲ್ಲಿ ಇರಲಿಲ್ಲ, ಟಿಕೆಟ್ಟೂ ದುಬಾರಿ. ಆದರೂ ಇಳಿದೆವು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಕಟ್ಟಿಸಿದ ಯೆರೆಬತಾನ್: 336 ಕಂಬಗಳು, ಒಂದೊಂದೂ ಸುಮಾರು 9 ಮೀಟರ್, ಕೆಳಗೆ ತೆಳುವಾಗಿ ನೀರು. ನಾನು ಕಂಬ ಎಣಿಸುತ್ತಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವರು ಕೋಟೆಯ ಮೇಲೆ ಮಳೆನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಹಿಡಿದರು, ಇವರು ದೂರದ ಕಾಡಿನಿಂದ ತಂದು ನೆಲದಡಿ ಬಚ್ಚಿಟ್ಟರು. ಮುತ್ತಿಗೆಯ ಭಯ ಇಬ್ಬರಿಗೂ ಒಂದೇ" ಎಂದರು. ಮೂವತ್ತೈದು ವರ್ಷ ಇತಿಹಾಸ ಹೇಳಿದವನು ನಾನು, ಆ ಮಾತು ನನಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಗೋಡೆಗೆ ಹೋದೆವು. ಟೋಪ್‌ಕಾಪಿ ನಿಲ್ದಾಣದಲ್ಲಿ ನಮ್ಮೊಂದಿಗೆ ಇಳಿದ ಒಬ್ಬ ವಿದೇಶಿ ಹುಡುಗ ಅರಮನೆ ಎಲ್ಲಿ ಎಂದು ನಮ್ಮನ್ನೇ ಕೇಳಿದ! ಕುಂದವಾಡದವರು ಹೇಳಿದ್ದನ್ನೇ ಅವನಿಗೆ ಹೇಳಿ ಎದುರಿನ ಟ್ರಾಮಿಗೆ ಕಳುಹಿಸಿದೆ. ಗೋಡೆಯ ವಿಷಯ ಬರೆದರೆ ಬೆಳಗಾಗುತ್ತದೆ. ಕಲ್ಲಿನ ಸಾಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿ ಹಾಕಿದ್ದಾರೆ. ನಮ್ಮಲ್ಲಿ ಬಂಡೆಯೇ ಅರ್ಧ ಗೋಡೆಯ ಕೆಲಸ ಮಾಡಿದೆ, ಅವರಿಗೆ ಆ ಭಾಗ್ಯವಿರಲಿಲ್ಲ. ಕೆಲವು ಕಡೆ ಕಂದಕದ ಬಳಿ ಸೊಪ್ಪು, ತರಕಾರಿ ಬೆಳೆದಿದ್ದಾರೆ.

ಆ ಹೊತ್ತಿಗೆ ಕಾಲು ಸೋತಿತ್ತು. ದೋಣಿ ಇವತ್ತಿಗೆ ಬೇಡ ಎಂದೆ. ಮನೆಯವರು ಒಪ್ಪಲಿಲ್ಲ, ಅವರದೇ ಸರಿಯಾಯಿತು. ಉಸ್ಕುದಾರ್‌ನ ದಂಡೆಯಲ್ಲಿ ಕುಳಿತು ಆ ಕಷಾಯವನ್ನೇ ಎರಡೆರಡು ಲೋಟ ಕುಡಿದು, ಎದುರು ದಡದ ಗುಮ್ಮಟಗಳ ಹಿಂದೆ ಹೊತ್ತು ಮುಳುಗುವುದನ್ನು ನೋಡಿದೆವು. ರಾತ್ರಿ ಊಟಕ್ಕೆ ಆಲೂಗಡ್ಡೆಯ ಗೊಜ್ಲೆಮೆ, ಅದಕ್ಕೆ ಊರಿನಿಂದ ತಂದ ಶೇಂಗಾ ಚಟ್ನಿಪುಡಿ.

ಅಡಿಕೆ ಮಂಡಿ

ಬಜಾರಿನ ವಿಷಯ ಏನಾಯಿತು?

ಕೋಟೆ ಮೇಷ್ಟ್ರು

ಸೋಮವಾರ ಮಧ್ಯಾಹ್ನಕ್ಕೆ ಬದಲಾಯಿಸಿದ್ದಾರೆ. ನಾಳೆ ಅದರ ಬದಲಿಗೆ ಎಮಿನೋನುವಿನ ಮಸಾಲೆ ಮಾರುಕಟ್ಟೆ, ಅದು ಭಾನುವಾರವೂ ತೆರೆದಿರುತ್ತದೆ. ದಾರಿ ತೋರಿಸುವುದು ತಮ್ಮ ಕೆಲಸ ಎಂದು ಮನೆಯವರು ಈಗಾಗಲೇ ಸಂಸ್ಥೆಯವರಿಗೆ ತಿಳಿಸಿದ್ದಾರೆ.

ಹೊಳಲ್ಕೆರೆ ಹುಡುಗಿ

ಮೇಷ್ಟ್ರೇ, ಬ್ರಷ್ ಬಿತ್ತೇ?

ಕೋಟೆ ಮೇಷ್ಟ್ರು

ಬಿತ್ತು. ಸರಿಯಾಗಿ ನಮ್ಮ ಕಾಲ ಬಳಿಯೇ. ನಾನು ಬಗ್ಗಿಯೇ ಬಿಟ್ಟಿದ್ದೆ, ಮನೆಯವರು ಅಂಗಿ ಹಿಡಿದು ಎಳೆದರು. ಅವನು ಹತ್ತು ಹೆಜ್ಜೆ ಮುಂದೆ ಹೋಗಿ ನಿಂತ, ನಾವು ಇತ್ತ ನಿಂತೆವು, ಬ್ರಷ್ ನಡುವೆ ಬಿದ್ದಿತ್ತು. ಕೊನೆಗೆ ಅವನೇ ಹಿಂದಿರುಗಿ ಬಂದು ಎತ್ತಿಕೊಂಡು, ನಮ್ಮನ್ನು ನೋಡಿ ತಲೆ ಬಾಗಿಸಿ ನಕ್ಕು ಹೋದ.

ಬೆಣ್ಣೆದೋಸೆ ಬಂಧು

ಮಂಡಕ್ಕಿ ಮೂಟೆಯನ್ನು ಹಾಗಾದರೆ ನಾನೇ ತಿನ್ನುತ್ತೇನೆ.